ಕಿತ್ತಳೆಗೆ ಟೋಪಿ

ನನ್ನ ಬಾಯಿ ಒಂದು ಗಳಿಗೆಯೂ ಸುಮ್ಮನಿರುವುದಿಲ್ಲ ಎಂದು ಈ ಬೀದಿಯಲ್ಲಿ ಎಲ್ಲರೂ ಆಡಿಕೊಳ್ಳುತ್ತಾರೆ. ಪಕ್ಷಪಾತ! ನನ್ನ ಕೈ ಕೂಡ ಸುಮ್ಮನಿರುವುದಿಲ್ಲ, ಅದನ್ನು ಯಾರೂ ಹೇಳುವುದಿಲ್ಲ. ಬಾಯಿ ಹರಟುತ್ತದೆ, ಕೈ ಸ್ವೆಟರ್ ಹೆಣೆಯುತ್ತದೆ. ಮಧ್ಯೆ ಕಡ್ಡಿಯ ಮೇಲಿನ ಕುಣಿಕೆಗಳನ್ನು ಎಣಿಸುವುದಕ್ಕೆ ದೇವರು ನನಗೆ ಇನ್ನೊಂದು ತಲೆ ಕೊಡಲಿಲ್ಲ. ಅದು ಅವನ ತಪ್ಪು. (ನಾನು ಹೇಳಿದ್ದನ್ನು ಸೊಸೆ ಬರೆದುಕೊಳ್ಳುತ್ತಿದ್ದಾಳೆ. ನಗಬೇಡ ಕಣಮ್ಮ, ಅಕ್ಷರ ಸೊಟ್ಟಗಾಗುತ್ತದೆ.)

ನಮ್ಮ ಬೀದಿಯ ತುದಿಯಲ್ಲಿ ಲೈಬ್ರರಿ ಇದೆ. ಅದರ ಮಹಡಿಯ ಕೋಣೆಯಲ್ಲಿ ಶನಿವಾರ ಮಧ್ಯಾಹ್ನ ನಾವು ಹೆಂಗಸರು ಸೇರುತ್ತೇವೆ. ಅನಾಥಾಲಯದ ಮಕ್ಕಳಿಗೆ ಸ್ವೆಟರ್, ವೃದ್ಧಾಶ್ರಮದವರಿಗೆ ಶಾಲು, ಕಾಲುಚೀಲ, ಹೀಗೆ ಯಾರಿಗೆ ಚಳಿಯೋ ಅವರಿಗೆ. ಕೂಲಿ ಇಲ್ಲ, ಟೀ ಇದೆ. ಟೀ ಕೂಡ ನಾವೇ ಮಾಡಿಕೊಳ್ಳಬೇಕು. ಈ ಸಾಮ್ರಾಜ್ಯದ ಚಕ್ರವರ್ತಿನಿ ನಮ್ಮ ಹೆಡ್‌ಮಿಸ್. ಶಾಲೆಯಿಂದ ನಿವೃತ್ತರಾಗಿ ಎಷ್ಟೋ ವರ್ಷವಾಯಿತು, ಆದರೂ ಅವರು ಒಳಗೆ ಕಾಲಿಟ್ಟರೆ ನಾವೆಲ್ಲ ಕುರ್ಚಿಯಿಂದ ಅರ್ಧ ಏಳುತ್ತೇವೆ. ನನಗೆ ಮಂಡಿ ನೋವು, ಕಾಲು ಭಾಗ ಏಳುತ್ತೇನೆ.

ಆ ಕೋಣೆಯ ಕಿಟಕಿಯ ಹತ್ತಿರ ಒಂದು ಸ್ಟೂಲು. ಕಡ್ಡಿ ಹಿಡಿಯಲು ಬಾರದವರನ್ನು ಅಲ್ಲಿ ಕೂರಿಸಿ ಉಲ್ಲನ್ ದಾರವನ್ನು ಉಂಡೆ ಸುತ್ತಿಸುತ್ತಾರೆ. ಸದ್ಯಕ್ಕೆ ಅಲ್ಲಿರುವವರು ಔಷಧಿ ಅಂಗಡಿಯವರ ಅತ್ತೆ. ಬಹಳ ಒಳ್ಳೆಯವರು, ಆದರೆ ಕಿವಿ ಸ್ವಲ್ಪವೂ ಕೇಳುವುದಿಲ್ಲ. ಅವರ ಪಕ್ಕದಲ್ಲಿ ನನ್ನನ್ನು ಕೂರಿಸುವುದೆಂದರೆ ಮೀನನ್ನು ಮರ ಹತ್ತಿಸಿದ ಹಾಗೆ. ಯಾರ ಹತ್ತಿರ ಮಾತಾಡಲಿ? ದಾರದ ಹತ್ತಿರವೇ?

ನಾನು ಹೆಣೆದ ಒಂದು ಸ್ವೆಟರಿನ ಎಡತೋಳು ಮೊಣಕೈಗೆ ನಿಂತು, ಬಲತೋಳು ಮೊಣಕಾಲಿಗೆ ಬಂದ ದಿನದಿಂದ ಹೆಡ್‌ಮಿಸ್ ಕಣ್ಣು ಆ ಸ್ಟೂಲಿನ ಮೇಲೂ ನನ್ನ ಮೇಲೂ ಓಡಾಡುತ್ತಿತ್ತು.

ಹೀಗಿರುವಾಗ ದೊಡ್ಡಾಸ್ಪತ್ರೆಯಿಂದ ಒಬ್ಬ ನರ್ಸಮ್ಮ ಬಂದರು. ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳಿಗೆ ಟೋಪಿ ಬೇಕು ಎಂದರು.

"ತಲೆ ಎಷ್ಟಿರುತ್ತೆ?" ಎಂದು ನಮ್ಮ ಗುಂಪಿನ ಬೇಕರಿಯವಳು ಕೇಳಿದಳು.

ನರ್ಸಮ್ಮ ತಮ್ಮ ಊಟದ ಚೀಲದಿಂದ ಒಂದು ಕಿತ್ತಳೆ ಹಣ್ಣು ತೆಗೆದು ಅಂಗೈ ಮೇಲಿಟ್ಟುಕೊಂಡರು. "ಇಷ್ಟೇ."

ಕೋಣೆಯಲ್ಲಿ ಕಡ್ಡಿಗಳ ಟಿಕ್ ಟಿಕ್ ನಿಂತುಹೋಯಿತು. ನಾನು ಕೂಡ ಸುಮ್ಮನಾದೆ. ಬೇಕಾದರೆ ಯಾರನ್ನಾದರೂ ಕೇಳಿ.

ಹೆಡ್‌ಮಿಸ್ ಶಿಸ್ತಿನ ಹೆಂಗಸು. ಒಂದೇ ಗಾತ್ರದ ಕಿತ್ತಳೆಗಳನ್ನು ಆರಿಸಿ ತಂದು, ಯಾರೂ ತಿಂದುಬಿಡಬಾರದೆಂದು ಪ್ರತಿಯೊಂದರ ಮೇಲೂ ಪೆನ್ನಿನಲ್ಲಿ ಕಣ್ಣು, ಮೂಗು, ನಗುವ ಬಾಯಿ ಬರೆದು, ನಮಗೆಲ್ಲ ಒಂದೊಂದು ಕೊಟ್ಟರು. "ಇದು ಹಣ್ಣಲ್ಲ, ಅಳತೆ. ಇದರ ಮೇಲೆ ಟೋಪಿ ಸರಿಯಾಗಿ ಕೂತ್ರೆ ಮಗುವಿಗೂ ಕೂರುತ್ತೆ." ಆಮೇಲೆ ನನ್ನ ಹತ್ತಿರ ಬಂದು ದನಿ ಇಳಿಸಿದರು. "ಅಜ್ಜಿ, ಬೇಜಾರು ಮಾಡ್ಕೋಬೇಡಿ. ಈ ಸಲ ಒಂದು ಟೋಪಿಯ ಅಳತೆ ಹೆಚ್ಚು ಕಡಿಮೆ ಆದ್ರೂ ನೀವು ಆ ಕಡೆ ಕೂತ್ಕೋಬೇಕಾಗುತ್ತೆ." ಬೆರಳು ಕಿಟಕಿಯ ಕಡೆ ಹೋಯಿತು. ಔಷಧಿ ಅಂಗಡಿಯವರ ಅತ್ತೆ ನನ್ನನ್ನು ನೋಡಿ ಪ್ರೀತಿಯಿಂದ ನಕ್ಕರು.

ಮನೆಗೆ ಬಂದವಳೇ ಹಣ್ಣನ್ನು ಉರುಳದಂತೆ ಒಂದು ಟೀ ಕಪ್ಪಿನಲ್ಲಿ ಕೂರಿಸಿ ಟಿವಿ ಪಕ್ಕದಲ್ಲಿಟ್ಟೆ.

ಈಗ ನಮ್ಮ ಯಜಮಾನರ ವಿಷಯ. ಬಸ್ ಕಂಡಕ್ಟರ್ ಆಗಿದ್ದವರು. ಎರಡು ಗುಣ ಅವರಿಗೆ ಹುಟ್ಟಿನಿಂದಲೇ ಬಂದಿವೆ. ಕಣ್ಣಿಗೆ ಬಿದ್ದದ್ದನ್ನು ತಿನ್ನುವುದು ಒಂದು. ಯಾರ ಬಾಕಿಯನ್ನೂ ಇಟ್ಟುಕೊಳ್ಳದಿರುವುದು ಇನ್ನೊಂದು. ಹಿಂದೆ ಒಬ್ಬ ಪ್ರಯಾಣಿಕ ಚಿಲ್ಲರೆ ಮರೆತು ಇಳಿದುಹೋದನೆಂದು ಅವನ ಮನೆ ಹುಡುಕಿಕೊಂಡು ಹೋಗಿ, ಚಿಲ್ಲರೆ ಕೊಟ್ಟು, ಅವನ ಮನೆಯಲ್ಲಿ ಊಟ ಮಾಡಿಕೊಂಡು ಬಂದವರು. ಎರಡು ಗುಣವೂ ಒಂದೇ ಹೊತ್ತಿನಲ್ಲಿ, ನೋಡಿ.

"ಮದುವೆ ಆದಾಗ್ಲಿಂದ ನಂಗೆ ಟೋಪಿ ಹಾಕಿದ್ದು ಸಾಲ್ದು ಅಂತ ಈಗ ಹಣ್ಣಿಗೂ ಹಾಕ್ತೀಯೇನೇ?" ಎಂದರು.

"ರೀ, ಅದನ್ನ ಮುಟ್ಟಿದ್ರೆ ನೋಡಿ ಮತ್ತೆ! ಅದು ಮಗು."

"ಮಗೂನ ಟೀ ಕಪ್ಪಲ್ಲಿ ಕೂರಿಸ್ತಾರಾ?"

"ನಿಮ್ಮಂಥೋರು ಇರೋ ಮನೇಲಿ ಬೀರುವಿನಲ್ಲಿ ಬೀಗ ಹಾಕಿ ಕೂರಿಸ್ಬೇಕು!"

ಹಣ್ಣಿಗೆ ಪುಟ್ಟ ಎಂದು ಹೆಸರಿಟ್ಟೆ. ಅದರ ಎದುರು ಕೂತು ಹೆಣೆಯುತ್ತಾ ಮಾತಾಡುತ್ತಿದ್ದೆ. ನಿಜ ಹೇಳಲೇ? ನನ್ನ ಆಯುಸ್ಸಿನಲ್ಲಿ ನನ್ನ ಮಾತನ್ನು ಪೂರ್ತಿ ಕೇಳಿದ್ದು ಅದೊಂದೇ. ಮಧ್ಯೆ ಎದ್ದು ಹೋಗಲಿಲ್ಲ, ಆಕಳಿಸಲಿಲ್ಲ, "ಇದನ್ನ ಮೊನ್ನೆ ಹೇಳಿದ್ರಿ ಅತ್ತೆ" ಅನ್ನಲಿಲ್ಲ. (ನೀನಲ್ಲ ಕಣಮ್ಮ, ಸಾಮಾನ್ಯವಾಗಿ ಹೇಳಿದೆ. ಬರಿ.) ಒಂದು ಟೋಪಿ ಮುಗಿದ ಕೂಡಲೇ ಪುಟ್ಟನ ತಲೆಗೆ ಹಾಕಿ ನೋಡಿ, ತೆಗೆದು ಬಟ್ಟೆ ಚೀಲದೊಳಗೆ ಹಾಕುವುದು, ಮುಂದಿನದಕ್ಕೆ ಕೈ ಹಚ್ಚುವುದು.

ಸ್ವಲ್ಪ ದಿನವಾದ ಮೇಲೆ ಪುಟ್ಟನ ಮುಖ ಬೇರೆ ಥರ ಕಂಡಿತು. ನಗುವ ಬಾಯಿಯ ಮೇಲೆ ದಪ್ಪಗೆ ಏನೋ ಕಪ್ಪು.

"ರೀ, ಇದಕ್ಕೆ ಮೀಸೆ ಬಂದ ಹಾಗಿದೆಯಲ್ಲ?"

ಪೇಪರಿನ ಹಿಂದಿನಿಂದ ಉತ್ತರ ಬಂತು. "ಶಾಯಿ ಹರಡಿರುತ್ತೆ. ಇಲ್ಲಾಂದ್ರೂ ಗಂಡು ಹುಡುಗ, ಎಷ್ಟು ದಿನ ಅಂತ ಮಗುವಾಗೇ ಇರ್ತಾನೆ?"

ಹೌದಲ್ಲ ಅನ್ನಿಸಿತು. ಆಮೇಲೆ ಒಂದು ದಿನ ಟೋಪಿ ತಲೆಗೆ ಇಳಿಯಲೇ ಇಲ್ಲ. ನನ್ನ ಕೈ ಬಿಗಿಯಾಗಿರಬೇಕು ಎಂದು ಮುಂದಿನದಕ್ಕೆ ನಾಲ್ಕು ಕುಣಿಕೆ ಹೆಚ್ಚು ಹಾಕಿದೆ. ಇನ್ನೊಂದು ದಿನ ಪುಟ್ಟ ಟೀ ಕಪ್ಪು ಬಿಟ್ಟು ಸಾರಿನ ಬಟ್ಟಲಿನಲ್ಲಿ ಕೂತಿದ್ದ.

"ಇವನು ದಪ್ಪ ಆಗಿದ್ದಾನೆ ಕಣ್ರೀ!"

"ನಿನ್ನ ಮಾತು ಕೇಳಿ ಕೇಳಿ ಉಬ್ಬಿದ್ದಾನೆ ಬಿಡೇ."

ನಾನು ಅದನ್ನು ಹೊಗಳಿಕೆ ಎಂದುಕೊಂಡೆ. ಬಣ್ಣ ಕೂಡ ಸ್ವಲ್ಪ ಹಸಿರಿಗೆ ತಿರುಗಿತ್ತು, ಆದರೆ ಹೆಣೆಯುವಾಗ ನನ್ನ ಕನ್ನಡಕ ಇರುವುದು ಕಡ್ಡಿಯ ಮಟ್ಟಕ್ಕೆ, ಅದರಾಚೆಗೆ ಲೋಕವೆಲ್ಲ ಮಂಜು. ಮತ್ತೆ ನಾಲ್ಕು ಕುಣಿಕೆ ಏರಿಸಿದೆ.

ನರ್ಸಮ್ಮ ಟೋಪಿ ಒಯ್ಯಲು ಬರುವ ಶನಿವಾರ ಬಂತು. ಮಂಡಿ ನೋವಿನಲ್ಲಿ ಚೀಲ ಹೊತ್ತುಕೊಂಡು ಮೆಟ್ಟಿಲು ಹತ್ತಲಾರೆ ಎಂದು ಯಜಮಾನರ ಕೈಲಿ ಚೀಲ ಕೊಟ್ಟು ಕರೆದುಕೊಂಡು ಹೋದೆ. ಮೇಜಿನ ಮೇಲೆ ಎಲ್ಲರೂ ತಮ್ಮ ಟೋಪಿ ಸಾಲಾಗಿ ಇಟ್ಟಿದ್ದರು. ಬೇಕರಿಯವಳದ್ದಂತೂ ಒಂದೇ ಅಚ್ಚಿನ ಬನ್ನುಗಳ ಹಾಗೆ. ಹೆಡ್‌ಮಿಸ್ ನನ್ನ ಚೀಲ ಬಿಚ್ಚಿ ಒಂದೊಂದಾಗಿ ಜೋಡಿಸಿದರು. ಮೊದಲನೆಯದು ಸರಿ. ಎರಡನೆಯದು ಅದಕ್ಕಿಂತ ದೊಡ್ಡದು. ಮೂರನೆಯದು ಇನ್ನೂ ದೊಡ್ಡದು. ನಮ್ಮ ಲೈಬ್ರರಿಯ ಮೆಟ್ಟಿಲು ಕೂಡ ಅಷ್ಟು ಕ್ರಮವಾಗಿ ಏರುವುದಿಲ್ಲ. ಕೊನೆಯದರೊಳಗೆ ಹೆಡ್‌ಮಿಸ್ ತಮ್ಮ ಎರಡೂ ಮುಷ್ಟಿ ತೂರಿಸಿದರು. ಇನ್ನೂ ಜಾಗವಿತ್ತು.

"ಅಜ್ಜಿ," ಎಂದರು ಮೆಲ್ಲಗೆ, "ಏನಿದು?"

"ಅಳತೆ ನೋಡೇ ಹೆಣೆದಿದ್ದೀನಿ ಮಿಸ್! ಬೇಕಾದ್ರೆ ನೋಡಿ!" ಎಂದು ಚೀಲದ ತಳದಿಂದ ಪುಟ್ಟನನ್ನು ಎತ್ತಿ ಮೇಜಿನ ಮೇಲೆ ಇಟ್ಟೆ.

ಉಳಿದವರ ಕಿತ್ತಳೆಗಳು ಒಣಗಿ, ಸುಕ್ಕುಗಟ್ಟಿ, ಅಜ್ಜಂದಿರ ಹಾಗೆ ಕೂತಿದ್ದವು. ಅವುಗಳ ನಡುವೆ ನನ್ನ ಪುಟ್ಟ, ಹಸಿರು ಮೈ, ಕಂಡಕ್ಟರ್ ಮೀಸೆ, ಫುಟ್ಬಾಲಿಗೆ ತಮ್ಮನ ಹಾಗೆ!

"ಅಜ್ಜಿ, ಇದು ಚಕ್ಕೋತ!" ಎಂದು ಬೇಕರಿಯವಳು ಕಿರುಚಿದಳು. ನಗು ಎದ್ದ ಸದ್ದಿಗೆ ಕೆಳಗಿನ ಲೈಬ್ರರಿಯವನು ಮಹಡಿಗೆ ಓಡಿಬಂದ. ಕಿವಿ ಕೇಳದ ಅತ್ತೆ ಕೂಡ ನಕ್ಕರು, ಸ್ಟೂಲಿನ ಪಕ್ಕ ಒಂದು ಕುರ್ಚಿ ಎಳೆದು ಬಾ ಎಂದು ಕೈ ಬೀಸಿದರು.

ತಿರುಗಿ ನೋಡಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಮ್ಮವರು ಬಾಗಿಲಲ್ಲಿ ನಿಂತು ಬಾಯಿ ಒರೆಸಿಕೊಳ್ಳುತ್ತಿದ್ದರು.

"ರೀ! ನೀವು..."

"ಕಣ್ಣು ಬಿಟ್ಕೊಂಡು ನನ್ನನ್ನೇ ನೋಡ್ತಿತ್ತು ಕಣೇ. ತಡ್ಕೊಳ್ಳಕ್ಕೆ ಆಗ್ಲಿಲ್ಲ. ಆದ್ರೆ ತಿಂದಾಗೆಲ್ಲ ಬೇರೆ ತಂದಿಟ್ಟಿದ್ದೀನಿ."

"ನೆಟ್ಟಗೆ ನಿಂತು ಹೇಳಿ! ಎಲ್ಲರಿಗೂ ಕೇಳೋ ಹಾಗೆ ಜೋರಾಗಿ ಹೇಳಿ! ಇದ್ರಲ್ಲಿ ನನ್ನದೇನೂ ಇಲ್ಲ, ಎಲ್ಲಾ ನೀವೇ ಮಾಡಿದ್ದು ಅಂತ ಹೇಳಿ!"

ಪಾಪ, ಬಸ್ಸಿನ ಹಿಂದಿನ ಸೀಟಿಗೂ ಕೇಳುವ ದನಿಯಲ್ಲಿ ಹೇಳಿದರು. "ಇವಳದ್ದೇನೂ ಇಲ್ಲ! ಎಲ್ಲಾ ನಂದೇ! ತಿಂದಿದ್ದಕ್ಕಿಂತ ಚಿಕ್ಕದು ತಂದಿಟ್ರೆ ಮೋಸ ಆಗುತ್ತೆ ಅಂತ ಪ್ರತಿ ಸಲ ಒಂಚೂರು ದೊಡ್ಡದನ್ನೇ ಹುಡುಕಿ ತಂದೆ. ಕಿತ್ತಳೆ ಆದ್ಮೇಲೆ ಮೂಸಂಬಿ, ಮೂಸಂಬಿ ಆದ್ಮೇಲೆ ಇದು. ಮುಖ ನಾನೇ ಬರೆದೆ. ನಂಗೆ ಮೀಸೆ ಇಲ್ದೆ ಮುಖ ಬರೆಯೋಕೆ ಬರಲ್ಲ."

ನಾನು ಗೆದ್ದ ಹಮ್ಮಿನಲ್ಲಿ ಹೆಡ್‌ಮಿಸ್ ಕಡೆ ತಿರುಗಿದೆ. ಆದರೆ ಮಾತಾಡಿದ್ದು ನರ್ಸಮ್ಮ. ಅವರು ಅಷ್ಟು ಹೊತ್ತೂ ನನ್ನ ಟೋಪಿಗಳ ಸಾಲಿನ ಮುಂದೆಯೇ ನಿಂತಿದ್ದರು.

"ಮಿಸ್, ಇವೇ ನನಗೆ ಬೇಕಾಗಿದ್ದು! ಮಕ್ಕಳು ಬೆಳೀತಾರಲ್ಲ? ಅವತ್ತು ನಾನು ಹೇಳಿದ್ನಲ್ಲ, ಆ ಕೂಸುಗಳಿಗೆ ಈಗ ಕಿತ್ತಳೆ ಅಳತೆ ಹಿಡಿಸಲ್ಲ. ವಾರ ವಾರಕ್ಕೂ ತಲೆ ದೊಡ್ಡದಾಗುತ್ತೆ. ಹೀಗೆ ಸಾಲಾಗಿ ಇದ್ರೆ ಹುಟ್ಟಿದಾಗಿಂದ ಹಿಡಿದು, ಗುಂಡುಗುಂಡಾಗಿ ಮನೆಗೆ ಹೋಗೋ ತನಕ ಆಗುತ್ತೆ. ಎಲ್ರೂ ಹೀಗೇ ಹೆಣೆದುಕೊಡಿ. ಎಂಥ ಒಳ್ಳೇ ಯೋಚನೆ! ಯಾರದ್ದು ಇದು?"

ಮಂಡಿ ನೋವು ಮರೆತು ನಾನು ಚಂಗನೆ ಎದ್ದೆ. "ನಂ..."

ಅಷ್ಟರಲ್ಲಿ ಎಲ್ಲರ ತಲೆಯೂ ಬಾಗಿಲ ಕಡೆ ತಿರುಗಿತ್ತು. ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು. ನನ್ನದೇನೂ ಇಲ್ಲ ಎಂದು ನಾನೇ ಜೋರಾಗಿ ಹೇಳಿಸಿದ್ದೆನಲ್ಲ!

ಹೆಡ್‌ಮಿಸ್, ಯಾರಿಗೂ ಕುರ್ಚಿ ಕೊಡದವರು, ತಮ್ಮ ದಿಂಬಿನ ಕುರ್ಚಿಯನ್ನೇ ಎಳೆದು ಕೊಟ್ಟರು. "ಬನ್ನಿ ಯಜಮಾನ್ರೇ, ಕೂತ್ಕೊಳ್ಳಿ. ಇನ್ಮುಂದೆ ಅಳತೆ ನಿಮ್ಮ ಜವಾಬ್ದಾರಿ. ಅಜ್ಜಿ, ಹೆದರಬೇಡಿ, ಕಡ್ಡಿ ನಿಮ್ಮ ಕೈಯಲ್ಲೇ ಇರಲಿ. ನಿಮ್ಮೋರು ಹೇಳಿದಷ್ಟು ಹೆಣೀರಿ, ಸಾಕು."

ಹೀಗೆ ನಾನು ಸ್ಟೂಲಿನಿಂದ ಪಾರಾದೆ. ಈಗ ಶನಿವಾರ ಬಂದರೆ ನಮ್ಮವರು ನನಗಿಂತ ಮೊದಲು ಶರ್ಟಿಗೆ ಇಸ್ತ್ರಿ ಹಾಕಿಕೊಂಡು ಹೊರಡುತ್ತಾರೆ. ಮದುವೆಯಾದಾಗಿನಿಂದ ನಾನು ಕೂರು ಅಂದರೆ ಕೂತು, ಏಳು ಅಂದರೆ ಎದ್ದ ಮನುಷ್ಯ ದಿಂಬಿನ ಕುರ್ಚಿಯಲ್ಲಿ ಒರಗಿ, "ಹೂಂ, ಮುಂದೆ ಹೋಗ್ಲಿ, ಇನ್ನೆರಡು ಸಾಲು ಮುಂದೆ ಹೋಗ್ಲಿ" ಅನ್ನುತ್ತಾರೆ. ನಾನು ತಲೆ ಬಗ್ಗಿಸಿ ಹೆಣೆಯುತ್ತೇನೆ. ಮಾತಾಡಿದರೆ, "ಲೇ, ಕುಣಿಕೆ ಎಣಿಸು" ಅನ್ನುತ್ತಾರೆ.

ಮೊನ್ನೆ ಶನಿವಾರ ಹೊಸ ಟೋಪಿ ಮುಗಿಸಿ ಅವರ ಮುಂದೆ ಹಿಡಿದೆ. ಅವರು ಅಳತೆಯ ಹಣ್ಣನ್ನು ಸುಲಿದು, ಒಂದು ತೊಳೆ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಬಹಳ ಹೊತ್ತು ವಿಚಾರ ಮಾಡಿದರು.

"ಅಳತೆ ಯಾಕೋ ಹುಳಿ ಇದೆ," ಎಂದರು. "ಇನ್ನೊಂದು ತಾ, ನೋಡಿ ಹೇಳ್ತೀನಿ."

ಟೋಪಿ ಒಯ್ಯಲು ಬಂದಿದ್ದ ನರ್ಸಮ್ಮ ನೋಡುತ್ತಿದ್ದರು, ಹೆಡ್‌ಮಿಸ್ ನೋಡುತ್ತಿದ್ದರು. ಮಂಡಿ ಹಿಡಿದುಕೊಂಡು ಎದ್ದೆ, ಇನ್ನೊಂದು ತಂದುಕೊಟ್ಟೆ. ಸುಲಿದೂ ಕೊಟ್ಟೆ.