ನಾಲ್ಕು ಇಂಜೆಕ್ಟರ್, ಒಂದು ಬಿಳಿ ಗೋಡೆ

ಕಾರಿನ ಇಂಜಿನ್ ನಡೆಯುವುದು ಭೌತಶಾಸ್ತ್ರದಿಂದ. ನಾನು ಇಪ್ಪತ್ತೆರಡು ವರ್ಷಗಳಿಂದ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಿದ್ದೇನೆ. ಆದ್ದರಿಂದ ಕಾರಿನ ಇಂಜಿನ್ ನನಗೆ ಗೊತ್ತು! ಈ ತರ್ಕದಲ್ಲಿ ತಪ್ಪೇನಿದೆ ಹೇಳಿ? ನನಗಂತೂ ಕಾಣಲಿಲ್ಲ. ನಮ್ಮ ಯಜಮಾನರಿಗೆ ಕಂಡಿತ್ತಂತೆ. ಆದರೆ ಮದುವೆಯಾಗಿ ಇಷ್ಟು ವರ್ಷವಾದ ಗಂಡಸು ಕಂಡದ್ದನ್ನೆಲ್ಲ ಹೇಳುವುದಿಲ್ಲ.

ಯಲಹಂಕ ಉಪನಗರದ ನಮ್ಮ ಮನೆ ಮುಂದೆ ನಿಂತಿರುವುದು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ಟರ್ಬೊ ಪೆಟ್ರೋಲ್ ಕಾರು. ಟರ್ಬೊ ಅಂದರೆ ಇಂಜಿನ್ನಿನ ಮೂಗಿಗೆ ಬಲವಂತವಾಗಿ ಗಾಳಿ ತುರುಕುವ ಫ್ಯಾನು. ಇಂಜೆಕ್ಟರ್ ಅಂದರೆ ಅದರ ಬಾಯಿಗೆ ಪೆಟ್ರೋಲ್ ಚಿಮುಕಿಸುವ ಬೆರಳುದ್ದದ ಕೊಳವೆ. ಅಂಥವು ನಾಲ್ಕು. ಅವುಗಳಲ್ಲಿ ಒಂದು ಹನಿ ಹಾಕಲು ಶುರುಮಾಡಿತ್ತು. ಬೆಳಿಗ್ಗೆ ಕಾರು ಕೆಮ್ಮುತ್ತಿತ್ತು.

ಕೆಮ್ಮನ್ನು ನಾನು ಸಹಿಸಿಕೊಂಡಿದ್ದೆ. ಸಹಿಸಲಾಗದ್ದು ಮುನಿಯಪ್ಪ ಮಾವನ ಮಾತು. ಅವರು ನಮ್ಮ ಅತ್ತೆಯ ತಮ್ಮ. ರಾಜಾನುಕುಂಟೆಯಲ್ಲಿ ಹೊಲ ಇದ್ದ ಕಡೆ ಈಗ ಲೇಔಟ್ ಮಾಡಿ, ಆನೆಯಷ್ಟು ದೊಡ್ಡ ಗಾಡಿ ಇಟ್ಟುಕೊಂಡಿದ್ದಾರೆ. ಹೊಸ ಮನೆಯ ಗೃಹಪ್ರವೇಶಕ್ಕೆ ಕರೆಯಲು ಬಂದವರು, ನಾನು ಕಾರು ಸ್ಟಾರ್ಟ್ ಮಾಡುವುದನ್ನು ನೋಡಿ, "ಏನವ್ವ, ನಿನ್ ಕಾರು ಮುದಿ ಎಮ್ಮೆ ಕೆಮ್ಮಿದಂಗೆ ಕೆಮ್ತದೆ! ಭಾನುವಾರಕ್ಕೆ ನಮ್ ಗಾಡಿನೇ ಕಳಿಸ್ತೀನಿ ಬುಡು" ಎಂದರು.

ಅತ್ತೆಯ ಮುಖ ಸಣ್ಣದಾಯಿತು. ತವರಿನ ಸಮಾರಂಭಕ್ಕೆ ಸೊಸೆ ಓಡಿಸುವ ಕಾರಿನಲ್ಲಿ ಮುಂದಿನ ಸೀಟಿನಲ್ಲಿ ಕೂತು ಇಳಿಯಬೇಕು ಎಂದು ಅವರು ಅಕ್ಕಪಕ್ಕದವರಿಗೆಲ್ಲ ಹೇಳಿಯಾಗಿತ್ತು. "ಬೇಡ ಮಾವ, ನಮ್ ಕಾರಲ್ಲೇ ಬರ್ತೀವಿ" ಎಂದೆ. ಭಾನುವಾರದೊಳಗೆ ಈ ಕೆಮ್ಮು ನಿಲ್ಲಿಸುತ್ತೇನೆ ಎಂದು ಆ ಕ್ಷಣದಲ್ಲೇ ಒಂದು ಪ್ರತಿಜ್ಞೆಯನ್ನೂ ಮಾಡಿದೆ.

ಬಾಗಲಗುಂಟೆಯಲ್ಲಿ ಶೆಡ್ ಇಟ್ಟಿರುವ ಅನ್ವರ್ ಭಾಯ್ ಕಾರಿನ ಬಾನೆಟ್ ಎತ್ತಿ ನೋಡಿ, "ಇದೇ ಸೈಜಿನ್ ನಾಲ್ಕು ಇಂಜೆಕ್ಟರ್ ತರ್ಸಿ ಮೇಡಂ, ಹಾಕೊಡ್ತೀನಿ. ಇನ್ನೇನೂ ಬೇಡ" ಎಂದರು.

ಇದೇ ಸೈಜು! ಸಾಮಾನ್ಯರು ಕೇಳುವಂಥ ಸಲಹೆ. ಟರ್ಬೊ ಗಾಳಿ ಜಾಸ್ತಿ ಕೊಡುತ್ತದೆ. ಗಾಳಿ ಜಾಸ್ತಿಯಾದರೆ ಪೆಟ್ರೋಲ್ ಜಾಸ್ತಿ ಬೇಕು. ಪೆಟ್ರೋಲ್ ಜಾಸ್ತಿ ಬೇಕಾದರೆ ದೊಡ್ಡ ಇಂಜೆಕ್ಟರ್ ಬೇಕು. ಸ್ಟಾಫ್ ರೂಮಿನಲ್ಲಿ ಕೂತು, ಹಳೆಯ ಪ್ರಶ್ನೆಪತ್ರಿಕೆಯ ಬೆನ್ನಿನ ಮೇಲೆ ಲೆಕ್ಕ ಹಾಕಿದೆ. ಉತ್ತರ ಹಳೆಯ ಇಂಜೆಕ್ಟರಿಗಿಂತ ಸ್ವಲ್ಪವೇ ಹೆಚ್ಚು ಬಂತು. ಸ್ವಲ್ಪ ನಿರಾಸೆಯಾಯಿತು. ಅನ್ನಕ್ಕಿಡುವಾಗ ನೆಂಟರು ಬಂದರೆ ಇರಲಿ ಎಂದು ಒಂದು ಹಿಡಿ ಅಕ್ಕಿ ಹೆಚ್ಚು ಹಾಕುವ ವಂಶ ನಮ್ಮದು. ಹಾಗೇ ಇಲ್ಲೂ ಒಂದು ಹಿಡಿ ಸೇರಿಸಿದೆ. ಎಸಿ ಹಾಕಿದಾಗ ಬೇಕಾಗಬಹುದೆಂದು ಇನ್ನೊಂದು ಹಿಡಿ. ನಂದಿ ಬೆಟ್ಟ ಹತ್ತುವಾಗ ಬೇಕಾಗಬಹುದೆಂದು ಮತ್ತೊಂದು. ಕೊನೆಗೆ ಆನ್‌ಲೈನಿನಲ್ಲಿ ತರಿಸಿದ್ದು ಹಳೆಯದರ ಸುಮಾರು ಎರಡರಷ್ಟು ಸುರಿಯುವ ಇಂಜೆಕ್ಟರುಗಳನ್ನು!

"ನಮ್ಮ ಕಾರು ನಂದಿ ಬೆಟ್ಟ ಹತ್ತಿದ್ದು ಯಾವಾಗ?" ಎಂದರು ಯಜಮಾನರು.

"ಹತ್ತಲ್ಲ ಅಂತ ಏನ್ ಗ್ಯಾರಂಟಿ?"

ಅವರು ಪೇಪರ್ ಓದಲು ಹೋದರು.

ಶನಿವಾರ ಮಧ್ಯಾಹ್ನ ಅನ್ವರ್ ಭಾಯ್ ಇಂಜೆಕ್ಟರ್ ಜೋಡಿಸಿ ಕೈ ಒರೆಸಿಕೊಂಡರು. "ಮೇಡಂ, ಗಾಡಿ ಇಲ್ಲೇ ಬಿಟ್ಬಿಡಿ. ನಾನೀಗ ತುಮಕೂರಿಗೆ ಮದ್ವೆಗೆ ಹೋಗ್ಬೇಕು. ಸೋಮವಾರ ನಿಧಾನಕ್ಕೆ ಟ್ಯೂನ್ ಮಾಡೋಣ."

"ನಾಳೆ ಗೃಹಪ್ರವೇಶ ಇದೆ ಭಾಯ್!"

"ಹಂಗಾದ್ರೆ ಹಳೇದೇ ವಾಪಸ್ ಹಾಕೊಡ್ತೀನಿ. ಅರ್ಧ ಗಂಟೆ ಕೆಲಸ."

ಆ ಅರ್ಧ ಗಂಟೆಗೆ ನಾನು ಒಪ್ಪಬೇಕಿತ್ತು. ಆದರೆ ನನ್ನ ಚೀಲದಲ್ಲಿ ಲ್ಯಾಪ್‌ಟಾಪ್ ಇತ್ತು, ಕಾರಿಗೂ ಅದಕ್ಕೂ ಸಂಬಂಧ ಬೆಳೆಸುವ ಕೇಬಲ್ ಇತ್ತು, ತಲೆಯಲ್ಲಿ ಹನ್ನೊಂದು ವಿಡಿಯೋ ನೋಡಿದ ಜ್ಞಾನ ಇತ್ತು. ಟ್ಯೂನಿಂಗ್ ಎಂದರೇನು ಮಹಾ? ಪ್ರತಿ ಇಂಜೆಕ್ಟರ್ ನಿಮಿಷಕ್ಕೆ ಎಷ್ಟು ಪೆಟ್ರೋಲ್ ಸುರಿಯುತ್ತದೆ ಎಂದು ಕಾರಿನ ಕಂಪ್ಯೂಟರಿಗೆ ತಿಳಿಸಬೇಕು. ಅದನ್ನು ನೋಡಿಕೊಂಡು, ಇಂಜೆಕ್ಟರನ್ನು ಎಷ್ಟು ಹೊತ್ತು ತೆರೆದಿಡಬೇಕೆಂದು ಅದು ನಿರ್ಧರಿಸುತ್ತದೆ. ಡಬ್ಬಿಯಲ್ಲಿ ಬಂದ ಕಾಗದದಲ್ಲಿ ೪೩೦ ಎಂದು ಅಚ್ಚಾಗಿತ್ತು. ಉರುಳಿಸಿಟ್ಟ ಟೈರಿನ ಮೇಲೆ ಕೂತು, ಯಜಮಾನರಿಗೆ ಕೇಬಲ್ ಹಿಡಿಯಲು ಕೊಟ್ಟು, ೪೩೦ ಎಂದು ಒತ್ತಿದೆ. ಎಂಟರ್! ಮುಗಿಯಿತು ಟ್ಯೂನಿಂಗು.

ಇಂಜಿನ್ ಸ್ಟಾರ್ಟ್ ಆಯಿತು. ಶಬ್ದ ಮಾತ್ರ ಮೊದಲಿನಂತಿರಲಿಲ್ಲ. ನೆನೆಸದ ಅಕ್ಕಿ ಹಾಕಿದ ಗ್ರೈಂಡರಿನ ಹಾಗೆ ಗೊಡಗೊಡ ಎನ್ನುತ್ತಿತ್ತು.

"ಗಂಭೀರವಾಗಿದೆ ಅಲ್ವಾ?" ಎಂದೆ.

"ಪರಿಸ್ಥಿತಿನಾ?" ಎಂದರು ಯಜಮಾನರು.

ಅಷ್ಟರಲ್ಲಿ ಅನ್ವರ್ ಭಾಯ್ ಮದುವೆಯ ಬಟ್ಟೆ ಹಾಕಿಕೊಂಡು, ಅತ್ತರಿನ ಪರಿಮಳದೊಂದಿಗೆ ಹೊರಬಂದರು. ಎರಡು ಕ್ಷಣ ಕಿವಿಗೊಟ್ಟು, "ಮೇಡಂ, ಇದು ಸ್ವಲ್ಪ ಜಾಸ್ತಿ ಕುಡೀತಾ ಇದೆ" ಎಂದರು.

"ಹೊಸ ಇಂಜೆಕ್ಟರ್ ಅಲ್ವಾ ಭಾಯ್, ಅಭ್ಯಾಸ ಆಗುತ್ತೆ."

ಅವರು ನಮ್ಮ ಯಜಮಾನರ ಮುಖ ನೋಡಿದರು. ಯಜಮಾನರು ಆಕಾಶ ನೋಡಿದರು. ಅನ್ವರ್ ಭಾಯ್ ಬಸ್ಸು ಹಿಡಿಯಲು ಹೋದರು.

ಭಾನುವಾರ ಬೆಳಿಗ್ಗೆ ಅತ್ತೆ ಹಸಿರು ರೇಷ್ಮೆ ಸೀರೆ ಉಟ್ಟು, ಹೊಸ ಮನೆಯಲ್ಲಿ ಹಾಲು ಉಕ್ಕಿಸಲು ಕೊಂಡ ಹಿತ್ತಾಳೆ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತರು. ದೊಡ್ಡಬಳ್ಳಾಪುರ ರಸ್ತೆಗೆ ಬರುವಷ್ಟರಲ್ಲಿ ಮೂಗು ಅರಳಿಸಿದರು.

"ಸುಜಾತಾ, ಸೀಮೆಣ್ಣೆ ಸ್ಟೌ ವಾಸ್ನೆ ಬತ್ತೈತೆ ಕಣವ್ವ. ಬತ್ತಿ ಜಾಸ್ತಿ ಏರ್ಸಿದ್ರೆ ಇಂಗೇ ಬರಾದು. ವಸಿ ಇಳ್ಸು."

"ಅತ್ತೆ, ಇದು ಟರ್ಬೊ. ಇದಕ್ಕೆ ಬತ್ತಿ ಇರಲ್ಲ" ಎಂದು ನಕ್ಕೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವರಿಗೆ ಇದನ್ನೆಲ್ಲ ಹೇಗೆ ವಿವರಿಸುವುದು ಎಂದು ಕನಿಕರವೂ ಆಯಿತು.

ಸಿಗ್ನಲ್ಲಿನಲ್ಲಿ ನಿಂತಾಗ ಹಿಂದಿನಿಂದ 'ಢಂ' ಎಂದು ಸದ್ದಾಯಿತು. ಒಬ್ಬ ಬೈಕಿನವನು ಕೆಮ್ಮುತ್ತ ನನ್ನ ಕಿಟಕಿಯ ಪಕ್ಕಕ್ಕೆ ಬಂದ. "ಮೇಡಂ, ಪೆಟ್ರೋಲ್ ಗಾಡಿಗೆ ಡೀಸೆಲ್ ಹಾಕ್ಸಿದ್ದೀರಾ?"

"ಇಲ್ಲಪ್ಪಾ, ದೊಡ್ಡ ಇಂಜೆಕ್ಟರ್ ಹಾಕ್ಸಿದ್ದೀನಿ" ಎಂದೆ ಹೆಮ್ಮೆಯಿಂದ.

ಅವನು ಸಿಗ್ನಲ್ ಬಿಡುವ ಮೊದಲೇ ಗಾಡಿ ತಳ್ಳಿಕೊಂಡು ಮುಂದಕ್ಕೆ ಹೋದ.

ಮುನಿಯಪ್ಪ ಮಾವನ ಹೊಸ ಮನೆ ಹಾಲಿನಂತೆ ಬೆಳ್ಳಗಿತ್ತು. ಕಾಂಪೌಂಡ್ ಗೋಡೆಗೆ ಹಿಂದಿನ ದಿನವಷ್ಟೇ ಕೊನೆಯ ಕೋಟ್ ಬಳಿದಿದ್ದರು. ಗೇಟಿನ ಪಕ್ಕ ಜಾಗವಿತ್ತು. ನಾನು ರಿವರ್ಸ್ ತೆಗೆದು, ಕಾರಿನ ಹಿಂಭಾಗವನ್ನು ಗೋಡೆಗೆ ಒಂದೂವರೆ ಅಡಿ ಹತ್ತಿರ ನಿಲ್ಲಿಸಿದೆ. ಅತ್ತೆ ಎಲ್ಲರೂ ನೋಡುವಂತೆ ನಿಧಾನವಾಗಿ ಇಳಿದರು. ಮಾವ ಕೂಡ, "ಪರ್ವಾಗಿಲ್ಲ ಕಣವ್ವ, ಎಮ್ಮೆ ವಾಸಿಯಾದಂಗದೆ" ಎಂದರು. ಹಾಲು ಚೆನ್ನಾಗಿ ಉಕ್ಕಿತು. ಊಟಕ್ಕೆ ಮುದ್ದೆ, ಅವರೆಕಾಳು ಸಾರು, ಹೋಳಿಗೆ. ನಾನು ಎರಡು ಹೋಳಿಗೆ ತಿಂದೆ. ಮೂರನೆಯದನ್ನು ಗೆಲುವಿನ ಸಂತೋಷಕ್ಕೆ ತಿಂದೆ.

ಆಗ ಅಡುಗೆಯವರ ಟೆಂಪೋ ಹೊರಹೋಗಬೇಕು, ಯಲಹಂಕದ ಕಾರು ತೆಗೆಯಿರಿ ಎಂದು ಯಾರೋ ಕೂಗಿದರು.

ಹೋಗಿ ಕೂತು ಕೀ ತಿರುಗಿಸಿದೆ. ಕಾರು ಕುಂಯ್ ಕುಂಯ್ ಎಂದಿತು, ಸ್ಟಾರ್ಟ್ ಆಗಲಿಲ್ಲ. ಇನ್ನೊಮ್ಮೆ. ಇಲ್ಲ. ನೋಡಲು ಜನ ಸೇರಿದರು. ಯಜಮಾನರು ಬಿಳಿ ಪಂಚೆ ಎತ್ತಿ ಕಟ್ಟಿ, ಕಾರಿನ ಹಿಂದೆ ನಿಂತು, "ಸ್ವಲ್ಪ ತಾಳು ಕಣೇ" ಎಂದು ಕೈ ಆಡಿಸಿದರು. ಅದನ್ನು ನಾನು 'ಇನ್ನೂ ಒತ್ತು' ಎಂದು ಓದಿಕೊಂಡೆ. ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಕೀ ತಿರುಗಿಸಿದೆ.

ಢಮಾರ್!

ಕಾರು ಸ್ಟಾರ್ಟ್ ಆಯಿತು. ಪಕ್ಕದ ಸೈಟಿನಲ್ಲಿ ಮೇಯುತ್ತಿದ್ದ ಮೇಕೆಗಳು ಓಡಿದವು. ಕಪ್ಪು ಹೊಗೆ ನಿಧಾನವಾಗಿ ಚದುರಿದ ಮೇಲೆ ಕಂಡಿತು: ಹಾಲಿನಂಥ ಗೋಡೆಯ ಮೇಲೆ, ಗೇಟಿನ ಪಕ್ಕದಲ್ಲೇ, ಮೊರದಗಲ ದುಂಡನೆಯ ಒಂದು ಕರೀ ಮಸಿ ಕಲೆ! ಪಕ್ಕದಲ್ಲಿ ನಮ್ಮ ಯಜಮಾನರು. ಸೊಂಟದ ಮೇಲೆ ಅವರೇ. ಸೊಂಟದ ಕೆಳಗೆ ಯಾರೋ ಇದ್ದಿಲ ವ್ಯಾಪಾರಿ.

ಮನೆತನದ ಮುಖಕ್ಕೆ ಮಸಿ ಬಳಿಯುವುದು ಎಂಬ ಮಾತು ಕೇಳಿದ್ದೆ. ಕಾಂಪೌಂಡಿನಿಂದ ಶುರು ಮಾಡಿದ್ದು ಬಹುಶಃ ನಾನೇ ಮೊದಲು.

ಮುನಿಯಪ್ಪ ಮಾವ ಗೋಡೆ ನೋಡಿದರು, ನನ್ನನ್ನು ನೋಡಿದರು, ಬಾಯಿ ತೆರೆದರು. ಆಗ ಗುಂಪು ಸರಿಸಿಕೊಂಡು ಅತ್ತೆ ಬಂದರು. ಗೋಡೆಯ ಮುಂದೆ ನಿಂತು, ಸೊಂಟದ ಮೇಲೆ ಕೈಯಿಟ್ಟು, ತಲೆ ಓರೆ ಮಾಡಿ ನೋಡಿದರು.

"ಲೋ ಮುನಿಯಪ್ಪ, ಅದ್ಯಾಕಂಗೆ ಬಾಯ್ ಬುಟ್ಕಂಡ್ ನಿಂತಿದ್ದೀಯ? ಇಷ್ಟ್ ಬೆಳ್ಳಗೆ ಮನೆ ಕಟ್ಟಿದ್ದೀಯ, ರೋಡಲ್ ಓಗೋರ್ ಕಣ್ಣೆಲ್ಲ ಇದ್ರ ಮ್ಯಾಲೇ. ಒಂದ್ ದೃಷ್ಟಿ ಬೊಟ್ಟು ಇಡ್ಬೇಕು ಅಂತ ನಿಮಗ್ಯಾರ್ಗೂ ಒಳೀನಿಲ್ಲ. ನನ್ ಸೊಸೆ ಇಟ್ಟವಳೆ!"

ಆಮೇಲೆ ಮಾವನ ಹೆಂಡತಿ, "ಊಂ ಕಣ್ರೀ, ಕುಂಬಳಕಾಯಿಗಿಂತ ವಾಸಿ" ಎಂದರು. ಎಲ್ಲರೂ ನಕ್ಕರು. ಮಾವ ಕೂಡ, ಸ್ವಲ್ಪ ತಡವಾಗಿ.

ಕಾರನ್ನು ಇತರರಿಗೆ ತೊಂದರೆಯಾಗದಂತೆ ಮರದ ಕೆಳಗೆ ಬಿಟ್ಟು, ನಾವು ಮಾವನ ಆನೆ ಗಾಡಿಯಲ್ಲೇ ವಾಪಸಾದೆವು. ಅತ್ತೆ ಎಳ್ಳಷ್ಟೂ ಆಕ್ಷೇಪಿಸಲಿಲ್ಲ. ಯಲಹಂಕ ಬಂದಾಗ ಮಾತ್ರ, ನನ್ನ ಕೈ ಹಿಡಿದು ಮೆಲ್ಲಗೆ, "ಬತ್ತಿ ಇಳ್ಸು ಅಂತ ಏಳ್ದೆ" ಎಂದರು.

ಸೋಮವಾರ ಅನ್ವರ್ ಭಾಯ್ ರಾಜಾನುಕುಂಟೆಗೇ ಬಂದರು. ಮಸಿ ಹಿಡಿದ ಸ್ಪಾರ್ಕ್ ಪ್ಲಗ್ ಬದಲಿಸಿ, ಲ್ಯಾಪ್‌ಟಾಪ್ ನೋಡಿ, ಡಬ್ಬಿಯ ಕಾಗದವನ್ನು ಕಣ್ಣಿನ ಹತ್ತಿರ ಹಿಡಿದರು.

"ಮೇಡಂ, ಇದು ನಾನೂರ ಮೂವತ್ತು ಗ್ರಾಂ. ನೀವು ಹಾಕಿರೋ ಜಾಗ ಕೇಳ್ತಿರೋದು ಸಿಸಿ."

ನೀರಾದರೆ ಎರಡೂ ಒಂದೇ. ಪೆಟ್ರೋಲ್ ನೀರಿಗಿಂತ ಹಗುರ, ಅದರ ೪೩೦ ಗ್ರಾಂ ಅಂದರೆ ಸುಮಾರು ೫೮೦ ಸಿಸಿ. ಆದ್ದರಿಂದ ಕಂಪ್ಯೂಟರ್ ಈ ಇಂಜೆಕ್ಟರುಗಳನ್ನು ಚಿಕ್ಕವೆಂದು ನಂಬಿ, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆರೆದಿಟ್ಟು ಪೆಟ್ರೋಲ್ ಸುರಿದಿತ್ತು. ಅತ್ತೆ ಹೇಳಿದ್ದು ಅಕ್ಷರಶಃ ನಿಜ, ಬತ್ತಿ ಏರಿತ್ತು. ಯೂನಿಟ್ ಬರೆಯದ ಮಕ್ಕಳಿಗೆ ಇಪ್ಪತ್ತೆರಡು ವರ್ಷಗಳಿಂದ ಅರ್ಧ ಅಂಕ ಕಳೆಯುತ್ತ ಬಂದ ನಾನು ತಲೆ ತಗ್ಗಿಸಿ ನಿಂತೆ. ಯಜಮಾನರು ಬಾಯಿ ತೆರೆದರು. "ಏನೂ ಹೇಳ್ಬೇಡಿ" ಎಂದೆ. ಅವರು ಹೇಳಲಿಲ್ಲ. ಅದು ಇನ್ನೂ ಕಷ್ಟವಾಯಿತು.

ಅನ್ವರ್ ಭಾಯ್ ಸರಿಯಾದ ಸಂಖ್ಯೆ ಹಾಕಿ, ಹೊಗೆಯನ್ನು ಅಳೆಯುವ ಮೀಟರ್ ಇಟ್ಟು, ಅರ್ಧ ದಿನ ಓಡಿಸಿ ಟ್ಯೂನ್ ಮಾಡಿದರು. ಈಗ ಕಾರು ಬೆಣ್ಣೆಯಂತೆ ಓಡುತ್ತದೆ. ಆ ಹೆಚ್ಚುವರಿ ಶಕ್ತಿಯನ್ನೆಲ್ಲ ನಾನು ಹೆಬ್ಬಾಳದ ಫ್ಲೈಓವರಿನ ಕೆಳಗೆ ಎರಡನೇ ಗೇರಿನಲ್ಲಿ ಬಳಸುತ್ತಿದ್ದೇನೆ.

ಹೋದ ವಾರ ಮುನಿಯಪ್ಪ ಮಾವನ ಫೋನ್ ಬಂತು. ಗೋಡೆಗೆ ಬಣ್ಣ ಬಳಿಸಿದ ಖರ್ಚಿನ ವಿಷಯವಿರಬೇಕೆಂದು ಪೆನ್ನು ಕಾಗದ ಹಿಡಿದೇ ಫೋನ್ ಎತ್ತಿದೆ. ಅವರು ಬಳಿಸಿಯೇ ಇರಲಿಲ್ಲ! ಆ ಬೊಟ್ಟು ಬಿದ್ದ ಮೇಲೆ ಲೇಔಟಿನಲ್ಲಿ ನಾಲ್ಕು ಸೈಟು ಮಾರಾಟವಾದವಂತೆ.

"ಪಕ್ಕದ್ ಮನೆಯೋರ್ದು ಬುಧವಾರ ಗೃಹಪ್ರವೇಸ ಕಣವ್ವ. ಅವರ್ಗೂ ಒಂದ್ ಬೊಟ್ಟು ಬೇಕಂತೆ. ಕಾರ್ ತಕ್ಕಂಡ್ ಬಾ."

ಜೀವಮಾನದಲ್ಲಿ ಮೊದಲ ಬಾರಿಗೆ ನನ್ನ ಟ್ಯೂನಿಂಗಿಗೆ ಬೇಡಿಕೆ ಬಂದಿತ್ತು.

"ಮಾವ, ಈಗ ಹೊಗೆ ಬರಲ್ಲ. ಅನ್ವರ್ ಭಾಯ್ ರಿಪೇರಿ ಮಾಡ್ಬಿಟ್ರು."

ಆ ಕಡೆ ದೊಡ್ಡ ನಿಟ್ಟುಸಿರು. "ಅಯ್ಯೋ, ಅಷ್ಟ್ ಚೆನ್ನಾಗಿದ್ದುದ್ನ ಕೆಡಿಸ್ಬುಟ್ನಾ? ಓಗ್ಲಿ ಬುಡು, ನೀನೇ ಇನ್ನೊಂದ್ ಕಿತ ಕುಂತು ಸರಿ ಮಾಡವ್ವ. ನಿನ್ ಕೈಲಿ ಆಗ್ದೇ ಇರೋದೇನೈತೆ!"