ಹಿತ್ತಲ ಹೊಗೆಯ ಬೆನ್ನು ಹತ್ತಿ

ಕಸಕ್ಕೆ ಬೆಂಕಿ ಹಚ್ಚಬೇಡಿ ಎಂದು ಹೇಳುವುದು ಒಂದು ನಿಮಿಷದ ಕೆಲಸ. ಅದಕ್ಕೆ ಜನ ಕೊಡುವ ಉತ್ತರ ಕೇಳಿ ಮುಗಿಸಲು ಇಡೀ ನೌಕರಿಯೇ ಸಾಲದು. ಬೈಲಹೊಂಗಲದಲ್ಲಿ ನಾನು ಪುರಸಭೆಯ ಆರೋಗ್ಯ ನಿರೀಕ್ಷಕಿ. ಯಾರ ಹಿತ್ತಲಲ್ಲಿ ಹೊಗೆ ಎದ್ದರೂ ನನ್ನ ಸ್ಕೂಟಿ ಅತ್ತ ತಿರುಗುತ್ತದೆ. ಬಿಡುವವಳಲ್ಲ ಎಂದು ಊರಿಗೆ ಗೊತ್ತು. ಆದರೂ ಸುಡುವವರು ಸುಡುತ್ತಲೇ ಇರುತ್ತಾರೆ.

ಸೊಳ್ಳೆ ಔಷಧ

ನಿವೃತ್ತ ಮಾಸ್ತರರೊಬ್ಬರು ಸಂಜೆಯಾದರೆ ಬೇವಿನ ಎಲೆ ಗುಡ್ಡೆ ಹಾಕಿ ಬೆಂಕಿ ಹಚ್ಚುತ್ತಿದ್ದರು. ನಾನು ಹೋದಾಗ ಹೊಗೆಯಲ್ಲಿ ಮಾಸ್ತರರು ಕಾಣಲಿಲ್ಲ, ದನಿ ಮಾತ್ರ ಬಂತು.

"ಸರ್, ಹಿಂಗ ಕಸ ಸುಡಬಾರದು ಅಂತ ಕಾಯ್ದೆ ಐತ್ರಿ."

"ಇದು ಕಸ ಅಲ್ಲ ತಂಗಿ, ಸೊಳ್ಳಿ ಔಷಧ."

"ಸೊಳ್ಳಿ ಹೋದುವೇನ್ರಿ?"

"ಸೊಳ್ಳಿ ಹೋಗಿಲ್ಲ. ನಾಕ ದಿನ ಇರತೇವಂತ ಮುರಗೋಡದಿಂದ ಬಂದಿದ್ದ ಬೀಗರು ಮುಂಜಾನಿ ಬಸ್ಸಿಗಿ ಹೋದ್ರು."

ಎಲೆ ಹಾಕಲು ಮೂಲೆಯಲ್ಲಿ ಒಂದು ಗುಂಡಿ ತೋಡಿಸಲೇಬೇಕು ಎಂದು ಪಟ್ಟು ಹಿಡಿದೆ. ಕೊನೆಗೆ ಒಪ್ಪಿದರು.

"ತೋಡಸ್ತೇನವಾ. ಬೀಗರು ತಿರುಗಿ ಬಂದ್ರ ಮಾತ್ರ ಒಂದ ದಿನ ಪರ್ಮಿಶನ್ ಕೊಡು."

ಅಜ್ಜಿಯ ಒಲೆ

ಒಬ್ಬ ಅಜ್ಜಿ ಹಿತ್ತಲ ಒಲೆಯಲ್ಲಿ ಸ್ನಾನದ ನೀರು ಕಾಯಿಸುತ್ತಿದ್ದಳು. ಕಟ್ಟಿಗೆ ಉಳಿಸಬೇಕೆಂದು ಒಲೆಗೆ ಪ್ಲಾಸ್ಟಿಕ್ ಚೀಲ ತುರುಕುವುದು. ಓಣಿಗೆಲ್ಲ ಕಮಟು ವಾಸನೆ.

"ಅಜ್ಜಿ, ಪ್ಲಾಸ್ಟಿಕ್ ಕಸದ ಗಾಡಿಗೆ ಕೊಡ್ರಿ. ಒಲಿಗೆ ಹಾಕಬ್ಯಾಡ್ರಿ."

"ಆತವಾ. ಕುಂಡ್ರು, ಚಾ ಕುಡಿ."

ಚಹಾ ಕುಡಿದು ಬಂದೆ. ಮರುದಿನ ಮತ್ತೆ ಅದೇ ವಾಸನೆ. ನಾನೂ ಹಟಕ್ಕೆ ಬಿದ್ದೆ. ದಿನಾ ಮುಂಜಾನೆ ಆ ಒಲೆಯ ಪಕ್ಕದಲ್ಲೇ ಹೋಗಿ ಕುಳಿತೆ. ದಿನಾ ಚಹಾ ಬಂತು. ಒಂದು ದಿನ ನೋಡಿದರೆ ಅಜ್ಜಿ ಪ್ಲಾಸ್ಟಿಕ್ ಗಂಟು ಹಿಡಿದು ಬಾಗಿಲಲ್ಲೇ ನಿಂತಿದ್ದಾಳೆ.

"ಗಾಡಿ ದಾರೀನ ನೋಡಾಕತ್ತೇನಿ. ನೀ ಇನ್ನ ಬರಬ್ಯಾಡವಾ."

"ಯಾಕಜ್ಜಿ, ಸಿಟ್ಟಾದ್ರೇನು?"

"ಸಿಟ್ಟಿಲ್ಲವಾ. ನಿನಗ ಚಾ ಕುಡಿಸಿ ಕುಡಿಸಿ, ನಮ್ಮ ಮುದುಕಗ ಹಾಲ ಉಳಿಯವಲ್ದು."

ನಡುವೆ ಆರಿಸಬಾರದ ಬೆಂಕಿ

ಬಾಣಂತಿಯೊಬ್ಬಳು ಫೋನ್ ಮಾಡಿದಳು. "ಬಾಜೂ ಮನಿ ಹಿತ್ತಲದಾಗ ರಬ್ಬರ್ ಸುಡಾಕತ್ತಾರ್ರಿ. ಕೂಸು ಕೆಮ್ಮಿ ಕೆಮ್ಮಿ ಅಳಾಕತ್ತೇತಿ."

ಆ ಬಾಜೂ ಮನೆ ಚಪ್ಪಲಿ ಅಂಗಡಿ ಮಾಲೀಕರದು. ನನ್ನ ಸ್ಕೂಟಿ ಸಪ್ಪಳ ಕೇಳಿ ಅವರು ಒಳಗೆ ಓಡಿದ್ದರು. ನಾನು ಹಿತ್ತಲಿಗೆ ಹೋಗುವಷ್ಟರಲ್ಲಿ ಅಂಗಿ ತೆಗೆದು, ಶಲ್ಯ ಹೊದ್ದು, ತೆಂಗಿನಕಾಯಿ ಊದಿನಕಡ್ಡಿ ಇಟ್ಟುಕೊಂಡು ಬೆಂಕಿಯ ಮುಂದೆ ಕುಳಿತುಬಿಟ್ಟಿದ್ದರು.

"ಹೋಮ ನಡದೈತ್ರಿ ಮೇಡಮ್ಮಾರ. ನಡುವ ಆರಿಸಬಾರದ್ರಿ."

ಹೋಮದ ನಡುವೆ ಒಂದು ಹವಾಯಿ ಚಪ್ಪಲಿ ಸುರುಟಿಕೊಳ್ಳುತ್ತಿತ್ತು.

ನಾನು ಜಗಳಾಡಲಿಲ್ಲ. ನನ್ನ ಚಪ್ಪಲಿ ದೂರ ಬಿಟ್ಟು, ಓಢಣಿ ತಲೆಗೆ ಹೊದ್ದು, ಗಾಳಿಗೆ ಬೆನ್ನು ಕೊಟ್ಟು ಅವರ ಎದುರಿಗೇ ಕೈಮುಗಿದು ಕುಳಿತೆ.

"ಭಾಳ ಚಲೋ ಆತ್ರಿ. ಮುಗಿಯೂತನ ಕುಂಡ್ರತೇನಿ. ಮಂತ್ರ ಹೇಳ್ರಿ."

ಹೊಗೆಯೆಲ್ಲ ಅವರ ಮುಖಕ್ಕೇ ಹೊಡೆಯುತ್ತಿತ್ತು. "ಓಂ" ಎಂದರು, ಕೆಮ್ಮಿದರು. ಮತ್ತೆ "ಓಂ" ಎಂದರು. ಅದರಾಚೆ ಮಂತ್ರವೂ ಬರಲಿಲ್ಲ, ಉಸಿರೂ ಬರಲಿಲ್ಲ. ಏಳೋಣವೆಂದರೆ ಹೋಮ. ಕಡೆಗೆ ಕಣ್ಣು ಮೂಗು ಒರೆಸಿಕೊಳ್ಳುತ್ತ ಎದ್ದು, ಒಂದು ಕೊಡ ನೀರು ತಂದು ತಾವೇ ಬೆಂಕಿಗೆ ಸುರಿದರು.

"ಯಾಕ್ರೀ, ನಡುವ ಆರಿಸಿದ್ರಿ?"

"ಸಾಕ್ರಿ ಮೇಡಮ್ಮಾರ. ದೇವರಿಗೂ ಕೆಮ್ಮು ಬರಾಕತ್ತೇತಿ."