ಬಿದ್ದ ಬಾಲ್ಕನಿಗೆ ಎರಡು ಕಡೆ

ಬೆಳಿಗ್ಗೆ ಹಲ್ಲುಜ್ಜುತ್ತ ಕಿಟಕಿಯಾಚೆ ನೋಡಿದ್ದೇ ವರದಿಗಾರನ ತಪ್ಪು. ಎದುರಿನ ಬ್ಲಾಕಿನ ಎರಡನೇ ಮಹಡಿಯ ಬಾಲ್ಕನಿ, ಚಹಾದಲ್ಲಿ ಅದ್ದಿದ ಬಿಸ್ಕತ್ತಿನ ಹಾಗೆ ಕಳಚಿ ಬಿತ್ತು. ಕೆಳಗೆ ಯಾರದೋ ಸ್ಕೂಟರ್ ಒರೆಸುತ್ತಿದ್ದ ಕಾವಲುಗಾರನಿಗೆ ತಲೆ ಎತ್ತುವಷ್ಟೂ ಪುರುಸೊತ್ತು ಸಿಗಲಿಲ್ಲ.

ವರದಿಗಾರ ಬಾಯಲ್ಲಿ ನೊರೆ ಇಟ್ಟುಕೊಂಡೇ ಓಡಿದ. ಎಲ್ಲ ಮುಗಿದಿತ್ತು. ಸ್ಕೂಟರಿನ ಒಡೆಯ ಬಂದು, ಮೊದಲು ಸ್ಕೂಟರನ್ನೂ ಆಮೇಲೆ ಹೆಣವನ್ನೂ ನೋಡಿ, ಯಾವುದಕ್ಕೆ ಮೊದಲು ಅಯ್ಯೋ ಅನ್ನಬೇಕೆಂದು ತಿಳಿಯದೆ ನಿಂತಿದ್ದ.

ಕಾವಲುಗಾರನ ಹೆಂಡತಿ ಅದೇ ಕಟ್ಟಡದ ಮೆಟ್ಟಿಲು ಗುಡಿಸುವವಳು. ಪೊಲೀಸರು ಹೆಣ ಒಯ್ದ ಮೇಲೆ ವರದಿಗಾರನ ಹತ್ತಿರ ಬಂದಳು.

"ಅಣ್ಣಾ, ಬಿಲ್ಡರ್ ಕಡೆಯವರು ಕುಡಿದಿದ್ದ ಅಂತಿದಾರೆ. ನಮ್ಮ ಯಜಮಾನ್ರು ಜನ್ಮದಲ್ಲಿ ಕುಡಿದವರಲ್ಲ."

"ನಾನು ಕಣ್ಣಾರೆ ನೋಡಿದೀನಮ್ಮ. ಪಾಪ, ತನ್ನ ಪಾಡಿಗೆ ಗಾಡಿ ಒರೆಸ್ತಿದ್ದ. ಪೇಪರಲ್ಲೂ ಹಾಗೇ ಬರುತ್ತೆ."

ಅವಳು ತಲೆಯಾಡಿಸಿ ಹೋದಳು.

ಸಂಪಾದಕರಿಗೆ ಕಚೇರಿಯಲ್ಲಿ ತಕ್ಕಡಿ ಎಂದು ಅಡ್ಡಹೆಸರು. ಮಾತಾಡುವಾಗಲೆಲ್ಲ ಎರಡೂ ಅಂಗೈ ಮೇಲೆ ಮಾಡಿ ತೂಗುತ್ತಿದ್ದರು. ಎದುರು ಕೂತವರಿಗೆ ತರಕಾರಿ ಅಂಗಡಿಗೆ ಬಂದ ಹಾಗಾಗುತ್ತಿತ್ತು.

"ಬಿಲ್ಡರ್ ಏನಂತಾನೆ?"

"ಅವನು ಸುಳ್ಳು ಹೇಳ್ತಾನೆ ಸಾರ್. ನಾನೇ ನೋಡಿದೀನಿ."

"ನೀನು ನೋಡಿದ್ದು ಒಂದು ಕಡೆ ಕಣಯ್ಯ. ಅವನು ಹೇಳೋ ಸುಳ್ಳು ಇನ್ನೊಂದು ಕಡೆ. ಎರಡೂ ತಗೊಂಡು ಬಾ. ಜಾಗ ಸಮ ಇರ್ಲಿ."

ಬಿಲ್ಡರ್ ತಣ್ಣನೆಯ ಕೋಣೆಯಲ್ಲಿ ಬೆಣ್ಣೆಮುದ್ದೆಯಂತೆ ಕೂತಿದ್ದ. "ಕುಡಿದು ಪೈಪ್ ಹಿಡ್ಕೊಂಡು ಹತ್ತಿ ಜೋತುಬಿದ್ದಿದಾನೆ. ಒಂದು ಆಳು ಜೋತುಬಿದ್ರೆ ಯಾವ ಬಾಲ್ಕನಿ ತಾನೇ ತಡೆಯುತ್ತೆ?"

"ಆ ಮನೆಯವರೆಲ್ಲ ಅದರ ಮೇಲೇ ನಿಲ್ತಿದ್ರಲ್ಲ?"

"ಎಲ್ಲರೂ ಒಟ್ಟಿಗೆ ನಿಲ್ಲಬೇಡಿ ಅಂತ ಹೇಳಿದ್ವಿ."

ಅಲ್ಲಿಂದ ವರದಿಗಾರ ನಿವಾಸಿಗಳ ಸಂಘದ ಅಧ್ಯಕ್ಷರ ಮನೆಗೆ ಬಂದ. ಅಕ್ಕಪಕ್ಕದವರೆಲ್ಲ ಅಲ್ಲಿ ಕೊತಕೊತ ಕುದಿಯುತ್ತಿದ್ದರು. "ಬಿರುಕು ಬಿಟ್ಟಿದೆ ಅಂತ ಹೇಳಿ ಹೇಳಿ ನಮ್ಮ ಬಾಯಿ ಬಿದ್ದುಹೋಯ್ತು. ಬಿಡಬೇಡಿ ಅವನನ್ನ, ಚರ್ಮ ಸುಲೀರಿ" ಎಂದರು ಅಧ್ಯಕ್ಷರು.

ಮಧ್ಯಾಹ್ನದ ಹೊತ್ತಿಗೆ ವರದಿ ಸಿದ್ಧವಾಯಿತು. ಅರ್ಧ ಬಿರುಕು, ಅರ್ಧ ಹೆಂಡ. ತನ್ನ ಕಣ್ಣಿನ ಮಾತನ್ನು ಎಲ್ಲಿ ತುರುಕಲಿ ಎಂದು ವರದಿಗಾರ ಯೋಚಿಸುತ್ತಿದ್ದಾಗ ಅಧ್ಯಕ್ಷರ ಫೋನು ಬಂತು.

"ಬೆಳಿಗ್ಗೆ ಹೇಳಿದ್ದೆಲ್ಲ ಮರೆತುಬಿಡಿ. ಬಿಲ್ಡರ್ ಒಳ್ಳೆ ಮನುಷ್ಯ. ಎಲ್ಲ ಬಾಲ್ಕನೀನೂ ಹೊಸದಾಗಿ ಕಟ್ಟಿಕೊಡ್ತಾನಂತೆ, ಲಿಫ್ಟು ಬೇರೆ. ಬಿರುಕು ಇರಲೇ ಇಲ್ಲ ಅಂತ ನಾವೆಲ್ಲ ಒಪ್ಪಿಕೊಂಡಿದೀವಿ."

"ಬಿರುಕು ಇಲ್ಲದಿದ್ರೆ ಹೊಸದು ಯಾಕೆ ಸಾರ್?"

"ಅಂದಕ್ಕೆ."

ವರದಿಗಾರ ಸಂಪಾದಕರ ಕೋಣೆಗೆ ನುಗ್ಗಿ ವಿಷಯ ಹೇಳಿದ. ಅವರ ಎರಡೂ ಅಂಗೈ ಒಂದೇ ಮಟ್ಟಕ್ಕೆ ಬಂದು ನಿಂತವು. "ಎರಡೂ ಕಡೆಯವರು ಒಂದೇ ಮಾತು ಹೇಳ್ತಿದಾರೆ. ಇಷ್ಟು ಸಮತೋಲನದ ಸುದ್ದಿ ನನ್ನ ಸರ್ವೀಸಲ್ಲೇ ನೋಡಿಲ್ಲ."

"ಸತ್ತವನ ಕಡೆ ಸಾರ್?"

"ಅವನು ಹೇಳಿಕೆ ಕೊಟ್ಟಿದಾನಾ?"

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಗುವುದನ್ನು ವರದಿಗಾರ ಕೇಳಿದ್ದ. ರಾಜಿಯಲ್ಲೂ ಕೂಸೇ ಸಾಯುವುದನ್ನು ಈಗ ಕಂಡ. ಎಂದೂ ಬಾರದ ಸಿಟ್ಟು ನೆತ್ತಿಗೇರಿತು.

"ನಾನು ಕೊಡ್ತೀನಿ. ನಾನೇ ಸಾಕ್ಷಿ. ನನ್ನ ಹೇಳಿಕೆ ಹಾಕಿ."

ಸಂಪಾದಕರು ಅರೆಗಳಿಗೆ ತೂಗಿದರು. "ಸಾಕ್ಷಿಯಾದ್ರೆ ನೀನು ಬರೆಯೋ ಹಾಗಿಲ್ಲ. ಕ್ರೀಡಾ ಪುಟದವನು ಬರೀಲಿ. ನಿನ್ನ ಮಾತು ಖಂಡಿತ ಹಾಕಿಸ್ತೀನಿ."

ಸಂಜೆ ಬಸ್ಸಿನಲ್ಲಿ ಕೂತು ವರದಿಗಾರ ಮೊಬೈಲಿನಲ್ಲಿ ಸುದ್ದಿ ತೆರೆದ. ಬಿಲ್ಡರ್, ಸಂಘ, ಹೆಂಡ, ಪೈಪು, ಎಲ್ಲ ಇತ್ತು. ಕೊನೆಯಲ್ಲಿ, 'ಕಾವಲುಗಾರ ಕುಡಿದಿರಲಿಲ್ಲ, ಸ್ಕೂಟರ್ ಒರೆಸುತ್ತಿದ್ದುದನ್ನು ಕಣ್ಣಾರೆ ಕಂಡೆ ಎಂದು ಅಲ್ಲಿನ ನಿವಾಸಿಯೂ ನಮ್ಮ ಪತ್ರಿಕೆಯ ಉದ್ಯೋಗಿಯೂ ಆದ ಒಬ್ಬರು ಹೇಳಿದ್ದಾರೆ' ಎಂದಿತ್ತು. ಅವನ ಎದೆ ಹಗುರಾಯಿತು. ಮುಂದಿನ ಸಾಲು ಓದಿದ. 'ಆದರೆ ಆ ಹೊತ್ತಿಗೆ ಅವರಿನ್ನೂ ನಿದ್ದೆಯಿಂದ ಎದ್ದಿರಲಿಲ್ಲ ಎಂದು ಅವರ ಪತ್ನಿ ತಿಳಿಸಿದ್ದಾರೆ.'

ಮನೆಯಲ್ಲಿ ಹೆಂಡತಿ ನಿರಾಳವಾಗಿ ಬಟ್ಟೆ ಮಡಚುತ್ತಿದ್ದಳು. "ನಿಮ್ಮ ಆಫೀಸಿಂದ ಫೋನ್ ಬಂದಿತ್ತು ಕಣ್ರೀ. ನೋಡಿದೆ ಅಂದ್ರೆ ವರ್ಷಗಟ್ಟಲೆ ಕೋರ್ಟಿಗೆ ಅಲೀಬೇಕಾಗುತ್ತೆ ಅಂತ ಅಧ್ಯಕ್ಷರು ಮೊದಲೇ ಬಂದು ಹೇಳಿಹೋಗಿದ್ರು. ಮಲಗಿದ್ರು ಅಂದುಬಿಟ್ಟೆ. ಬೀಸೋ ದೊಣ್ಣೆ ತಪ್ಪಿತು." ಉರಿಯುವ ಮನೆಯಿಂದ ಗಂಡನನ್ನು ಹೊತ್ತು ತಂದವಳ ಸಮಾಧಾನ ಅವಳ ಮುಖದಲ್ಲಿತ್ತು.

ಅವನು ಕೆಳಗಿಳಿದು ಹೋದ. ಗೇಟಿನ ಪಕ್ಕದ ಸಣ್ಣ ಕೋಣೆಯ ಹೊಸ್ತಿಲಲ್ಲಿ ಕಾವಲುಗಾರನ ಹೆಂಡತಿ ಕೂತಿದ್ದಳು. ಯಾರೋ ಅವಳಿಗೆ ಸುದ್ದಿ ಓದಿ ಹೇಳಿಯಾಗಿತ್ತು. ಅವಳು ಶಾಪ ಹಾಕಲಿ ಎಂದೇ ಅವನು ತಲೆ ತಗ್ಗಿಸಿ ನಿಂತ.

"ನೀವು ನೋಡಿರಲೇ ಇಲ್ವಂತಲ್ಲ ಅಣ್ಣಾ" ಎಂದಳು.

"ಹಾಗಲ್ಲಮ್ಮ, ನಾನು ನಿಜವಾಗ್ಲೂ..."

"ಇರ್ಲಿ ಬಿಡಿ." ಅವಳು ಎದ್ದು ನಿಂತು ಕೈಮುಗಿದಳು. "ನನ್ನ ಗಂಡನ ಮಾನ ಉಳಿಸೋಕೆ ನೀವೊಬ್ಬರಾದ್ರೂ ಒಂದು ಸುಳ್ಳು ಹೇಳಿದ್ರಿ. ಅಷ್ಟಾದ್ರೂ ಮಾಡಿದವರು ಇಲ್ಲಿ ಇನ್ಯಾರಿದಾರೆ?"